ಸೋದರಮಾವನ ಒಪ್ಪಿಗೆ

ತುರ್ಭೆಯ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಆಫೀಸುಗಳಿಗೆ ಒಳಾಂಗಣ ಕಟ್ಟಿಕೊಡುವ ಒಂದು ಕಂಪನಿ ಇದೆ. ಪಾರ್ಟಿಷನ್, ಫಾಲ್ಸ್ ಸೀಲಿಂಗ್, ಮೇಜು, ಕಪಾಟು, ಎಲ್ಲ ಅವರೇ ಮಾಡುತ್ತಾರೆ. ಅಲ್ಲಿ ಯಾರಿಗೆ ಏನು ಕಾಣಬೇಕು, ಯಾರು ಏನನ್ನು ಮುಟ್ಟಬಹುದು ಎಂದು ತೀರ್ಮಾನಿಸುವವರು ಗಾಜಿನ ಕ್ಯಾಬಿನ್ನಿನಲ್ಲಿ ಕೂತ ಸಾಹೇಬರು ಎಂದು ಹೊರಗಿನವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಬಿಡಿ, ಸಾಹೇಬರಿಗೂ ಸ್ವಲ್ಪ ಮರ್ಯಾದೆ ಬೇಕಲ್ಲ. ಆದರೆ ಆ ಕೆಲಸ ನಡೆಯುವುದು ಕಿಟಕಿಯ ಪಕ್ಕದ ಮೇಜಿನಲ್ಲಿ, ಜಯಲತಾಳ ಕೈಯಲ್ಲಿ.

ಕಂಪನಿಯ ಸೈಟುಗಳ ಸಮಾಚಾರವೆಲ್ಲ ಈಗ ಕಂಪ್ಯೂಟರಿನ ಒಂದು ಪ್ರಾಜೆಕ್ಟ್ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಯಾವ ಕೆಲಸ ಯಾರದು, ಎಲ್ಲಿಯವರೆಗೆ ಬಂತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಎಲ್ಲವೂ ಅದರಲ್ಲಿ. ಅದರೊಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಒಂದು ಅಂತಸ್ತು ಉಂಟು. ಕೆಲವರು ವ್ಯೂವರ್, ಅಂದರೆ ಬರೇ ನೋಡುವವರು. ಕೆಲವರು ಎಡಿಟರ್, ನೋಡಿ ತಿದ್ದಬಲ್ಲವರು. ಇನ್ನು ಕೆಲವರು ಅಪ್ರೂವರ್. ಅವರು ಒಪ್ಪಿಗೆಯ ಗುಂಡಿ ಒತ್ತುವ ತನಕ ಕೆಲಸ ಮುಂದಕ್ಕೆ ಕದಲುವುದಿಲ್ಲ. ಇವರಿಗೆಲ್ಲ ಅಂತಸ್ತು ಹಂಚುವ ಅಡ್ಮಿನ್ ಜಯಲತಾ. ಹೊಸಬರು ಸೇರಿದ ದಿನ ಬಾಗಿಲು ತೆರೆಯುವವಳೂ ಅವಳೇ, ಕೆಲಸ ಬಿಟ್ಟವರ ಕುರ್ಚಿಯ ಬಿಸಿ ಆರುವ ಮೊದಲೇ ಅವರ ಹೆಸರು ತೆಗೆದುಹಾಕುವವಳೂ ಅವಳೇ. ಆಫೀಸಿನ ಹುಡುಗ ಹುಡುಗಿಯರು ಅವಳನ್ನು ಆ್ಯಕ್ಸೆಸ್ ಆಂಟಿ ಎನ್ನುತ್ತಾರೆ. ಆಂಟಿ ಎಂದದ್ದಕ್ಕೆ ಅವಳು ಹುಬ್ಬು ಗಂಟಿಕ್ಕುತ್ತಾಳೆ, ಒಳಗೊಳಗೇ ಖುಷಿಪಡುತ್ತಾಳೆ.

ಒಮ್ಮೆ ಗೋದಾಮಿನ ಲೋಡಿಂಗ್ ಮುಕಾದಮ, ಅಂದರೆ ಹಮಾಲರ ಮೇಸ್ತ್ರಿ, ಸೈದಪ್ಪ ಅವಳ ಮೇಜಿನ ಮುಂದೆ ಬಂದು ನಿಂತ. ಕಲಬುರಗಿ ಕಡೆಯ ಮನುಷ್ಯ, ಜೋರು ದನಿಯವನು, ಆವತ್ತು ಮಾತ್ರ ಮೆತ್ತಗಿದ್ದ. ಅವಳು ರಜೆಯಲ್ಲಿದ್ದಾಗ ಯಾರೋ ಅವನನ್ನು ವ್ಯೂವರ್ ಮಾಡಿಟ್ಟಿದ್ದರು. ಟ್ರಕ್ಕು ಬಂದದ್ದು ಅವನ ಫೋನಿನಲ್ಲಿ ಕಾಣುತ್ತಿತ್ತು, ಬಂತು ಎಂದು ಗುರುತು ಹಾಕಲು ಮಾತ್ರ ಆಗುತ್ತಿರಲಿಲ್ಲ.

“ಅಕ್ಕೋರೆ, ಮನಿಗಿ ಕರ್ದು ಬಾಗಲದಾಗ ನಿಂದ್ರಿಸ್ದಂಗ ಆಗ್ಯಾದ್ರಿ ನಮಗ. ಒಳಗಿಂದೆಲ್ಲ ಕಾಣ್ತದ, ಕೈ ಹಚ್ಚಂಗಿಲ್ಲ,” ಎಂದ.

ಜಯಲತಾ ಅಲ್ಲೇ ಅವನ ಅಂತಸ್ತು ಬದಲಾಯಿಸಿದಳು. ಸೈದಪ್ಪ ನಗುತ್ತ ಹೋದ. ಆದರೆ ಆ ಮಧ್ಯಾಹ್ನ ಅವಳು ಊಟದ ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕೆ ಹಾಕಿದಳು. ಅದೇ ಮಾತನ್ನು ಬೇರೆ ರೀತಿಯಲ್ಲಿ ಹಿಂದೊಮ್ಮೆ ಅವಳಿಗೆ ಹೇಳಿದವನು ಅವಳ ಒಡಹುಟ್ಟಿದ ಅಣ್ಣ.

ಅಣ್ಣನ ಹೆಸರು ಲೋಕನಾಥ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವನದೊಂದು ಹೋಟೆಲು. ಕಾಪು ಹತ್ತಿರದ ಹಳ್ಳಿಯಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಡೊಂಬಿವಲಿಗೆ ಬಂದು ಯಾರದೋ ಹೋಟೆಲಿನಲ್ಲಿ ಮೇಜು ಒರೆಸುತ್ತ ಒರೆಸುತ್ತ ಹಣ ಎಣಿಸುವ ಗಲ್ಲೆಗೆ ಏರಿದ. ಕಾಲೂರಿದ ಕೂಡಲೇ ತಾಯಿಯನ್ನೂ ತಂಗಿಯನ್ನೂ ಕರೆಸಿಕೊಂಡ. ಒಂದೇ ಕೋಣೆಯ ಬಿಡಾರ. ತಂಗಿ ಓದಬೇಕು, ಯಾರ ಮನೆಯ ಪಾತ್ರೆಯನ್ನೂ ತಿಕ್ಕಬಾರದು ಎಂದು ಹಟ ಹಿಡಿದು ಅವಳನ್ನು ಕಾಲೇಜಿಗೂ ಟೈಪಿಂಗ್ ಕ್ಲಾಸಿಗೂ ಸೇರಿಸಿದ. ಜಯಲತಾಳ ಬೆರಳುಗಳು ಇವತ್ತು ಕೀಬೋರ್ಡಿನ ಮೇಲೆ ಓಡುತ್ತವೆ ಎಂದರೆ ಅದಕ್ಕೆ ಕಾರಣ ಅವನು. ಥಾಣೆಯ ವರ್ತಕ ನಗರದ ಕಿಟ್ಟಣ್ಣನನ್ನು ಅವಳಿಗೆ ಗಂಡನಾಗಿ ಹುಡುಕಿದವನೂ ಅವನೇ. ಕಿಟ್ಟಣ್ಣ ಯಾರ ತಂಟೆಗೂ ಹೋಗದ ಮೆದು ಮನುಷ್ಯ, ಅವನ ಗುಣವೂ ಅದೇ, ದೋಷವೂ ಅದೇ.

ಇವರದು ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಎಣಿಸುವ ಮನೆತನ. ಹೆಣ್ಣಿನ ಮದುವೆ ಎಂದರೆ ಮೊದಲು ಸೋದರಮಾವನನ್ನು ಕೂರಿಸಿ ಕೇಳಬೇಕು. ಅವನು ಆಗಲಿ ಎಂದ ಮೇಲೆಯೇ ದಿನ ಗೊತ್ತಾಗಬೇಕು, ವೀಳ್ಯ ಬದಲಾಗಬೇಕು. ಧಾರೆಯ ಹೊತ್ತಿಗೆ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನೂ ಅವನೇ. ತಂದೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಜಯಲತಾಳ ದೊಡ್ಡ ಮಗಳು ಸೌಜನ್ಯಳ ಮದುವೆಯಲ್ಲಿ ಇದು ತಪ್ಪಿಹೋಯಿತು. ಬೇಕೆಂದು ತಪ್ಪಿಸಿದ್ದಲ್ಲ. ಗಂಡಿನ ಕಡೆಯವರಿಗೆ ಅವಸರ, ಕಿಟ್ಟಣ್ಣನ ಅಣ್ಣಂದಿರಿಗೆ ಅದಕ್ಕಿಂತ ಅವಸರ. ಫೋನಿನಲ್ಲೇ ದಿನ, ಹಾಲ್ ಎಲ್ಲ ಪಕ್ಕಾ ಮಾಡಿಬಿಟ್ಟರು. ಲೋಕನಾಥನಿಗೆ ಹೋದದ್ದು ಅಚ್ಚಾದ ಆಮಂತ್ರಣದ ಕಾಗದ ಮಾತ್ರ. ಆದರೂ ಅವನು ಬಂದ, ರೇಷ್ಮೆ ಪಂಚೆ ಉಟ್ಟು, ಮುಂಡಾಸು ಸುತ್ತಿಕೊಂಡು ಬಂದ. ಅವನು ಹಾಲಿನೊಳಗೆ ಕಾಲಿಡುವಾಗ ಕಿಟ್ಟಣ್ಣನ ಹಿರಿಯಣ್ಣ ಸೌಜನ್ಯಳ ಕೈಹಿಡಿದು ಮಂಟಪ ಹತ್ತುತ್ತಿದ್ದ. ಲೋಕನಾಥ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತ. ಧಾರೆ ಮುಗಿಯಿತು, ಎದ್ದ. ಬಾಗಿಲಲ್ಲಿ ಹೂವಿನ ಹರಿವಾಣ ಹಿಡಿದು ನಿಂತಿದ್ದ ತಂಗಿಗೆ ಹೇಳಿದ್ದು ಇಷ್ಟೇ.

“ನನ್ನನ್ನು ಬರೇ ನೋಡ್ಲಿಕ್ಕೆ ಕರೆದದ್ದಾ ಜಯಾ? ನೋಡಿ ಆಯ್ತು.”

ಊಟ ಮಾಡದೆ ಹೋದ. ತಡೆದು ನಿಲ್ಲಿಸಬೇಕಿತ್ತು, ಕಾಲು ಹಿಡಿಯಬೇಕಿತ್ತು, ಏನಾದರೊಂದು ಮಾಡಬೇಕಿತ್ತು. ಜಯಲತಾ ಹರಿವಾಣ ಹಿಡಿದುಕೊಂಡೇ ನಿಂತಳು. ಆಮೇಲೆ ಹೋಟೆಲಿಗೆ ಹೋದರೆ ಅಣ್ಣ ಹೊರಗೆ ಹೋಗಿದ್ದಾರೆ ಎಂದು ಕ್ಯಾಶಿಯರ್ ಹೇಳಿದ. ಅಣ್ಣನ ಚಪ್ಪಲಿ ಅಡುಗೆಮನೆಯ ಬಾಗಿಲ ಬಳಿಯೇ ಇತ್ತು. ಮತ್ತೊಮ್ಮೆ ಹೋದಾಗಲೂ ಇದೇ ಕತೆ. ಅಲ್ಲಿಗೆ ಅವಳು ಹೋಗುವುದನ್ನು ಬಿಟ್ಟಳು.

ಥಾಣೆಗೂ ಡೊಂಬಿವಲಿಗೂ ಏನು ಮಹಾ ದೂರ? ಲೋಕಲ್ ಹತ್ತಿ ಸೀಟು ಸಿಕ್ಕಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಡೊಂಬಿವಲಿ ಬರುತ್ತದೆ. ಆ ಹತ್ತಿರವೇ ಅವಳನ್ನು ಹೆಚ್ಚು ಸುಡುತ್ತಿತ್ತು. ಅವಳ ಕಟ್ಟಡದಲ್ಲಿ ಇರುವವರು ಹೆಚ್ಚಿನವರು ಮರಾಠಿಗಳು. ದೀಪಾವಳಿಯ ಭಾವುಬೀಜಕ್ಕೆ ಅಣ್ಣ ತಮ್ಮಂದಿರು ಮಿಠಾಯಿ ಹಿಡಿದು ಮೆಟ್ಟಿಲು ಹತ್ತುವ ಸದ್ದು ಬೆಳಗಿನಿಂದಲೇ ಶುರು. ಅದು ಇವರ ಹಬ್ಬವಲ್ಲ. ಆದರೆ ಡೊಂಬಿವಲಿಯ ನೀರು ಕುಡಿದ ಲೋಕನಾಥ ಅದನ್ನೂ ತನ್ನದು ಮಾಡಿಕೊಂಡು ವರ್ಷವೂ ಬಂದು, ತಂಗಿಯ ಕೈಯಲ್ಲಿ ಆರತಿ ಮಾಡಿಸಿಕೊಂಡು, ಮನೆಯವರ ಸೀರೆ, ಪಾತ್ರೆ, ಗ್ಯಾಸು ಎಲ್ಲ ವಿಚಾರಿಸಿ ಹೋಗುತ್ತಿದ್ದ. ಈಗ ಆ ದಿನ ಜಯಲತಾ ಬಾಗಿಲು ಹಾಕಿ ಟಿವಿ ದೊಡ್ಡದು ಮಾಡುತ್ತಾಳೆ. ಗಂಡ, ಮಕ್ಕಳು, ಕೆಲಸ, ಎಲ್ಲ ಇದ್ದೂ ಅಣ್ಣ ಬೇಕು ಎನಿಸುವುದನ್ನು ಐವತ್ತು ದಾಟಿದ ಹೆಂಗಸು ಯಾರಲ್ಲಿ ಹೇಳಿಕೊಳ್ಳಬೇಕು?

ಹೀಗಿರುವಾಗ ಎರಡನೆಯ ಮಗಳು ದಿಶಾಳ ಮದುವೆ ಕೂಡಿಬಂತು. ಐರೋಲಿಯ ಐಟಿ ಕಂಪನಿಯ ಹುಡುಗಿ. ಹುಡುಗ ರಂಜನ್, ಘಣಸೋಲಿಯವನು, ಅವನ ಮನೆಯವರೂ ಉಡುಪಿ ಕಡೆಯವರೇ. ದಿಶಾ ತನ್ನ ಮದುವೆಯನ್ನೇ ಒಂದು ಪ್ರಾಜೆಕ್ಟ್ ಮಾಡಿ ಅಂಥದೇ ಸಾಫ್ಟ್‌ವೇರಿಗೆ ಹಾಕಿಬಿಟ್ಟಳು. ದಿನ ಗೊತ್ತುಮಾಡುವುದು, ಹಾಲ್, ಅಡುಗೆ, ಹೂವು, ಮೆಹೆಂದಿ, ಫೋಟೋ, ಎಲ್ಲವೂ ಸಾಲಾಗಿ ಒಂದೊಂದು ಕೆಲಸ. ಕಾಲ ಕೆಟ್ಟಿತು ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ, ಹಿಂದೆ ಮದುವೆ ಮನೆಯಲ್ಲಿ ಇದೇ ಕೆಲಸಗಳು ನಾಲ್ಕು ಜನ ದೊಡ್ಡವರ ತಲೆಯಲ್ಲಿದ್ದು ನಾಲ್ಕೂ ಕಡೆ ಜಗಳವಾಗುತ್ತಿತ್ತು. ದಿಶಾಳಿಗೆ ಆಫೀಸಿನ ಗಡಿಬಿಡಿ. ಹಾಗಾಗಿ ಮಮ್ಮಿ, ಅಡ್ಮಿನ್ ತೂ ಹೀ ಬನ್, ಸಬ್‌ಕೋ ಆ್ಯಕ್ಸೆಸ್ ದೇ ದೇ ಎಂದು ಆ ಕೆಲಸವನ್ನು ತಾಯಿಗೇ ಒಪ್ಪಿಸಿ, ಎಲ್ಲರನ್ನೂ ಒಳಗೆ ಸೇರಿಸಲು ಸಂಬಂಧಿಕರ ಹೆಸರುಗಳನ್ನು ಕಳಿಸಿದಳು. ಎಲ್ಲರೂ ವ್ಯೂವರ್ ಆಗಿದ್ದರೆ ಸಾಕು, ಇಲ್ಲದಿದ್ದರೆ ಎಲ್ಲರೂ ಮೂಗು ತೂರಿಸುತ್ತಾರೆ ಎಂಬುದು ಅವಳ ವಾದ.

ಆ ಹೆಸರುಗಳ ನಡುವೆ ಲೋಕನಾಥ ಮಾಮನ ಹೆಸರೂ ಇತ್ತು. ಜಯಲತಾಳ ಬೆರಳು ಅಲ್ಲಿ ನಿಂತಿತು. ವ್ಯೂವರ್ ಎಂದು ಹಾಕಿದರೆ ಅವನ ಫೋನಿಗೆ ಯಾವ ಸಂದೇಶ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ನಿಮ್ಮನ್ನು ಆಹ್ವಾನಿಸಲಾಗಿದೆ, ನೀವು ಇದನ್ನು ನೋಡಬಹುದು. ಅದೇ ಅವಮಾನ ಎರಡನೆಯ ಸಲ, ಈ ಸಲ ಬರಹದಲ್ಲಿ. ಅವಳು ಅವನ ಹೆಸರನ್ನು ಆ ಸಾಲಿನಿಂದ ಹೊರಗೆ ತೆಗೆದಳು. ತೆಗೆದು, ಅಪ್ರೂವರ್ ಎಂದು ಹಾಕಿದಳು. ಒಂದು ಕೆಲಸಕ್ಕಲ್ಲ, ದಿನ ಗೊತ್ತುಮಾಡುವುದರಿಂದ ಹಿಡಿದು ಎಲ್ಲದಕ್ಕೂ. ಸೋದರಮಾವ ಆಗಲಿ ಅನ್ನದೆ ಒಂದು ಹೂವಿನ ಎಸಳೂ ಅಲ್ಲಾಡಬಾರದು.

ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವಳೇ ಕರೆದು ಬೈಯುತ್ತಿದ್ದಳು. ಎಲ್ಲ ಒಪ್ಪಿಗೆಯನ್ನೂ ಒಬ್ಬನ ಕೈಯಲ್ಲಿ ಇಟ್ಟರೆ, ಅವನು ರಜೆ ಹಾಕಿದ ದಿನ ಇಡೀ ಸೈಟು ಮಲಗುತ್ತದೆ ಎಂದು ಪಾಠ ಹೇಳಿಕೊಡುವವಳು ಅವಳು. ಗೊತ್ತಿದ್ದೂ ಮಾಡಿದಳು. ಮಗಳಿಗೆ ಹೇಳಲಿಲ್ಲ, ಕಿಟ್ಟಣ್ಣನಿಗೂ ಹೇಳಲಿಲ್ಲ. ಎದುರು ಹೋಗಿ ಕೇಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಇಲ್ಲಿಯಾದರೆ ಯಾರೂ ಅಡುಗೆಮನೆಯೊಳಗೆ ಅಡಗಿ ಕೂರುವುದಿಲ್ಲವಲ್ಲ ಎಂದುಕೊಂಡಳು.

ಮರುದಿನದಿಂದ ಅವಳಿಗೆ ಹೊಸ ರೋಗ ಅಂಟಿತು. ಅಡ್ಮಿನ್ನಿನ ಪುಟದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಒಳಗೆ ಬಂದರೋ ಇಲ್ಲವೋ ಎಂದು ತೋರುತ್ತದೆ. ಅಣ್ಣನ ಹೆಸರಿನ ಮುಂದೆ ಪೆಂಡಿಂಗ್ ಎಂದಿತ್ತು. ಟ್ರೇನಿನಲ್ಲಿ ನೋಡಿದಳು, ಪೆಂಡಿಂಗ್. ಚಹಾ ಕುಡಿಯುತ್ತ ನೋಡಿದಳು, ಪೆಂಡಿಂಗ್. ಅನ್ನಕ್ಕೆ ಕುಕ್ಕರ್ ಇಟ್ಟು ನೋಡಿದಳು, ಅದೇ. ಬೇಡ ಅಂದಿಲ್ಲ ತಾನೇ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಪದ ಇರಲಿಲ್ಲ. ಆ್ಯಕ್ಟಿವ್ ಎಂದಿತ್ತು, ಪಕ್ಕದಲ್ಲಿ ಹಸಿರು ಚುಕ್ಕೆ. ಅಣ್ಣ ಒಳಗೆ ಬಂದಿದ್ದ, ಆ ಹೊತ್ತಿಗೆ ಒಳಗೇ ಇದ್ದ. ಜಯಲತಾ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ತೊಳೆದಷ್ಟೂ ಕಣ್ಣು ತುಂಬುತ್ತಿತ್ತು.

ಆದರೆ ಅವನು ಯಾವುದಕ್ಕೂ ಒಪ್ಪಿಗೆ ಕೊಡಲಿಲ್ಲ. ದಿನವೂ ಬರುತ್ತಿದ್ದ. ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ಮೊದಲಿನ ಬಿಡುವಿನಲ್ಲಿ ಹಸಿರು ಚುಕ್ಕೆ ಮೂಡುತ್ತಿತ್ತು, ಸ್ವಲ್ಪ ಹೊತ್ತು ಇದ್ದು ಆರುತ್ತಿತ್ತು. ಏನನ್ನೂ ಒತ್ತದೆ, ಒಂದು ಮಾತೂ ಬರೆಯದೆ ಹೋಗುತ್ತಿದ್ದ. ಆವತ್ತು ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋದ ಹಾಗೆಯೇ ಎಂದು ಅವಳಿಗೆ ತೋಚಿತು. ಆವತ್ತು ನೀವು ನನ್ನನ್ನು ಕೇಳಲಿಲ್ಲ, ಈಗ ನೀವು ಕಾಯಿರಿ ಎನ್ನುತ್ತಿದ್ದಾನೆ. ಹೇಳಲಿ, ಅವನಿಗೆ ಆ ಹಕ್ಕು ಉಂಟು ಎಂದುಕೊಂಡಳು. ಆದರೂ ಹಸಿರು ಚುಕ್ಕೆ ಆರಿದ ಮೇಲೂ ಪುಟ ಮುಚ್ಚದೆ ಕೂರುತ್ತಿದ್ದಳು.

ಇಂಥ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಮದುವೆಯ ಉಸ್ತುವಾರಿ ವಹಿಸಿಕೊಂಡಿದ್ದ ಮನೀಶ ಎಂಬವನು ಒಪ್ಪಿಗೆಯ ಹಸಿರು ಟಿಕ್ ಬೀಳದೆ ಯಾವುದನ್ನೂ ಪಕ್ಕಾ ಮಾಡುವವನಲ್ಲ. ಥಾಣೆಯ ಹಾಲಿನವರು ನೀವು ನೋಡಿಟ್ಟ ದಿನಕ್ಕೆ ಬೇರೆ ಪಾರ್ಟಿ ಬಂದಿದೆ, ಶನಿವಾರ ಸಂಜೆಯವರೆಗೆ ಮಾತ್ರ ಕಾಯುತ್ತೇವೆ ಎಂದರು. ದಿಶಾ ತೆರೆದು ನೋಡಿದರೆ ಎಲ್ಲ ಕೆಲಸವೂ ಮಾಮನ ಒಪ್ಪಿಗೆಯ ಮುಂದೆ ಸಾಲು ನಿಂತಿದೆ.

“ಮಮ್ಮಿ, ಯೇ ತೂನೇ ಕಿಯಾ? ಮಾಮಾ ತೋ ಹಮಾರೇ ಘರ್ ಆತೇ ಭೀ ನಹೀಂ,” ಎಂದಳು. ಮನೆಗೇ ಬಾರದವನ ಕೈಯಲ್ಲಿ ತನ್ನ ಮದುವೆಯನ್ನು ಅಮ್ಮನೇ ಇಟ್ಟಳೇ ಎಂಬುದು ಅವಳ ಸಂಕಟ. ತಪ್ಪೇನಿಲ್ಲ.

ಕಿಟ್ಟಣ್ಣ ಪೇಪರು ಮಡಚಿಟ್ಟು, ಸದ್ಯಕ್ಕೆ ಅವರ ಹೆಸರು ತೆಗೆ, ಹಾಲ್ ಪಕ್ಕಾ ಆಗಲಿ, ಆಮೇಲೆ ನಾನೇ ಫೋನು ಮಾಡಿ ಕರೆಯುತ್ತೇನೆ ಎಂದ. ಹಿಂದಿನ ಸಲವೂ ಹೀಗೆಯೇ ಆದದ್ದು ಎಂದು ಜಯಲತಾ ಹೇಳಿದಳು. ಅವನು ಮತ್ತೆ ಪೇಪರು ಬಿಡಿಸಿದ. ದಿಶಾ ತಾನೇ ಒಂದು ಗುಂಡಿ ಒತ್ತಿ ಮಾಮನನ್ನು ತೆಗೆಯಬಹುದಿತ್ತು, ಪ್ರಾಜೆಕ್ಟಿನ ಒಡತಿ ಅವಳೇ. ಅಮ್ಮನ ಮುಖ ನೋಡಿ ಕೈ ಹಿಂದೆ ತೆಗೆದಳು. ಶನಿವಾರ ಸಂಜೆಯವರೆಗೆ ನೋಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡ ಎಂದಳು.

ಶನಿವಾರ ಆಫೀಸು ಅರ್ಧ ದಿನ. ಜಯಲತಾ ಪುಟ ತೆರೆದು ಅಣ್ಣನ ಹೆಸರಿನ ಮುಂದಿನ ರಿಮೂವ್ ಎಂಬ ಗುಂಡಿಯನ್ನು ನೋಡುತ್ತ ಕೂತಳು. ಎಷ್ಟು ಜನರ ಹೆಸರನ್ನು ಇದೇ ಕೈ ತೆಗೆದಿದೆ. ಯಾರದಕ್ಕೂ ಹಿಂದೆಮುಂದೆ ನೋಡಿರಲಿಲ್ಲ. ಇದು ಆಗುವುದಿಲ್ಲ ಎಂದು ಖಾತ್ರಿಯಾದಾಗ ಕಂಪ್ಯೂಟರು ಮುಚ್ಚಿ ಪರ್ಸು ಹೆಗಲಿಗೆ ಹಾಕಿದಳು. ತುರ್ಭೆಯಿಂದ ಥಾಣೆಗೆ ಬಂದು, ಸ್ಟೇಷನ್ನಿನ ಹೊರಗೆ ವೀಳ್ಯದೆಲೆ, ಅಡಿಕೆ ಕೊಂಡು, ಡೊಂಬಿವಲಿಗೆಂದು ಕಲ್ಯಾಣದ ಗಾಡಿ ಹಿಡಿದಳು. ಅಣ್ಣ ಇಲ್ಲ ಎಂದು ಕ್ಯಾಶಿಯರ್ ಹೇಳಿದರೆ ಬಾಗಿಲಲ್ಲೇ ಕೂರುವುದೆಂದು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡಳು.

ಹೋಟೆಲು ಖಾಲಿಯಾಗಿತ್ತು. ಗಲ್ಲೆಯಲ್ಲಿ ಕೂತಿದ್ದವನು ಲೋಕನಾಥನೇ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು, ಕೈಯಲ್ಲಿ ಫೋನು. ತಲೆಯೆತ್ತಿ ಅವಳನ್ನು ನೋಡಿದ. ಎದ್ದು ಒಳಗೆ ಹೋಗುತ್ತಾನೆ ಎಂದುಕೊಂಡು ಅವಳು ಬಾಗಿಲಲ್ಲೇ ನಿಂತಳು. ಅವನು ಹೋಗಲಿಲ್ಲ.

“ಬಾ, ಕೂತ್ಕೋ. ಊಟ ಆಯ್ತಾ?” ಎಂದ. ಅವರಿಬ್ಬರ ನಡುವೆ ಮಾತು ತುಳುವಿನದು, ಇಲ್ಲಿ ಕನ್ನಡಕ್ಕೆ ತಂದಿದೆ.

ಆಗಿಲ್ಲ ಎಂದಳು. ಅವನು ಒಳಗೆ ಕೂಗಿ ಹೇಳಿ, ಎದುರಿನ ಕುರ್ಚಿ ಎಳೆದುಕೊಂಡು ಕೂತ. ಗಂಜಿ ಬಂತು, ಉಪ್ಪಿನಕಾಯಿ ಬಂತು, ಹುರಿದ ಬಂಗುಡೆ ಬಂತು. ಜಯಲತಾ ಯಾವುದನ್ನೂ ಮುಟ್ಟದೆ ವೀಳ್ಯದೆಲೆ, ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದಿಟ್ಟಳು.

“ದಿಶಾನ ಮದುವೆ ಅಣ್ಣ. ನೀನು ಆಗಲಿ ಅಂದ್ರೆ ಮಾತ್ರ ದಿನ ಇಡುವುದು. ಹಾಲಿನವ ಇವತ್ತು ಸಂಜೆವರೆಗೆ ಕಾಯ್ತಾನಂತೆ.”

“ಗೊತ್ತುಂಟು, ಓದಿದ್ದೇನೆ,” ಎಂದು ಲೋಕನಾಥ ವೀಳ್ಯ ಎತ್ತಿಕೊಂಡ. ಫೋನಿನಲ್ಲಿ ದಿನದ ಮೇಲೆ ಒಮ್ಮೆ, ಹಾಲಿನ ಮೇಲೆ ಒಮ್ಮೆ ಬೆರಳೊತ್ತಿದ. ಅಷ್ಟೇ. ಇಷ್ಟು ದಿನ ಇಡೀ ಮನೆಯ ನಿದ್ದೆಗೆಡಿಸಿದ ಕೆಲಸ ಒಂದು ಉಸಿರಿನಲ್ಲಿ ಆಗಿಹೋಯಿತು. ಆಮೇಲೆ ಪುಟವನ್ನು ಕೆಳಗೆ ಸರಿಸಿ ಒಂದು ಕಡೆ ನಿಲ್ಲಿಸಿದ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಕೆಲಸಕ್ಕೆ ಯಾರ ಹೆಸರೂ ಹಾಕಿಲ್ಲವಲ್ಲ ಎಂದು ಕೇಳಿದ.

“ನೀನು ಬರ್ತೀಯೋ ಇಲ್ವೋ ಅಂತ ಗೊತ್ತಿರ್ಲಿಲ್ಲ.”

“ಹಾಕು,” ಎಂದ ಲೋಕನಾಥ.

ಅವಳು ತನ್ನ ಫೋನಿನಲ್ಲಿ ಅವನ ಹೆಸರು ಹಾಕಿದಳು. ಕಣ್ಣು ಮಂಜಾಗಿ ಅಕ್ಷರ ಕಾಣದೆ ಎರಡು ಸಲ ತಪ್ಪಿತು. ಗಂಜಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡು ತುತ್ತು ಇಳಿಸಿದ ಮೇಲೆ, ಮನಸ್ಸಿನಲ್ಲಿ ಕುಟುಕುತ್ತಿದ್ದುದನ್ನು ಕೇಳಿಯೇಬಿಟ್ಟಳು. ನೀನು ದಿನಾ ಬಂದು ನೋಡುತ್ತಿದ್ದೆ, ನಿನಗೆ ಒಪ್ಪಿಗೆ ಇತ್ತು, ಮತ್ತೆ ಯಾಕೆ ಕೊಡಲಿಲ್ಲ? ನಮ್ಮನ್ನು ಕಾಯಿಸಲಿಕ್ಕಾ?

ಲೋಕನಾಥ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಹೇಳಲೋ ಬೇಡವೋ ಎಂದು ನೋಡಿದ. ಕೊನೆಗೆ ಫೋನನ್ನು ಅವಳ ಕಡೆ ತಿರುಗಿಸಿ ಬೆರಳಿನಿಂದ ಮೇಲೆ ಸರಿಸುತ್ತ ಹೋದ. ಒಂದರ ಕೆಳಗೆ ಒಂದು ಸಂದೇಶ, ಪ್ರತಿ ಬೆಳಗಿನದೂ ಒಂದೊಂದು, ಒಂದನ್ನೂ ಅಳಿಸಿರಲಿಲ್ಲ. ಎಲ್ಲದರಲ್ಲೂ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಮಾತು. ಜಯಲತಾ ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿದ್ದಾರೆ.

“ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಇದು ಬರ್ತದೆ. ಅಷ್ಟು ವರ್ಷ ಏನೂ ಬರ್ಲಿಲ್ಲ, ಈಗ ದಿನಾ ನಿನ್ನದೊಂದು ಮಾತು. ಒತ್ತಿದ್ರೆ ನಿಲ್ತದಲ್ಲ ಮಾರಾಯ್ತಿ.”

ಅದನ್ನು ಬರೆದದ್ದು ಅವಳಲ್ಲ. ಒಪ್ಪಿಗೆ ಬಾಕಿಯಿರುವವರಿಗೆಲ್ಲ ಕೇಳಿದವರ ಹೆಸರಿನಲ್ಲಿ ಬೆಳಗಾದರೆ ಸಾಫ್ಟ್‌ವೇರು ತಾನಾಗಿ ಕಳಿಸುವ ಜ್ಞಾಪನೆ ಅದು. ಆಫೀಸಿನಲ್ಲಿ ಎಲ್ಲರೂ ಅದನ್ನು ಬೈದುಕೊಂಡು ಅಳಿಸುತ್ತಾರೆ, ಅವಳೂ ಅಳಿಸುತ್ತಾಳೆ. ಅಣ್ಣನಿಗೆ ಹೇಳಬೇಕೆಂದು ಬಾಯಿ ತೆರೆದಳು. ಆದರೆ ಅದರಲ್ಲಿ ಸುಳ್ಳೆನ್ನುವಂಥದ್ದು ಒಂದಕ್ಷರವೂ ಇರಲಿಲ್ಲ.

“ಹಾಗಾದ್ರೆ ಉಳಿದದ್ದಕ್ಕೆ ಇವತ್ತು ಒಪ್ಪಿಗೆ ಕೊಡ್ಬೇಡ ಅಣ್ಣ,” ಎಂದಳು.